ಬ್ರಹ್ಮಪುರದ ಓದುವ ಕೋಣೆಗೆ ಕಾರ್ಡ್ ಬಾಗಿಲು: ಇಲ್ಲಿಯವರೆಗಿನ ಕೆಲಸ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಕಾಕಾ ಅವರದೊಂದು ಹಳೇ ಕಲ್ಲಿನ ಮನೆ ಇದೆ. ಕೆಳಗೆ ಓದುವ ಕೋಣೆ, ಮೇಲೆ ಹುಡುಗರು ಉಳಿಯುವ ಕೋಣೆಗಳು, ಹಿಂದೆ ಸಣ್ಣದೊಂದು ಮೆಸ್. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರು ಅಫಜಲಪುರ, ಚಿತ್ತಾಪುರ, ಸುರಪುರ ಕಡೆಯಿಂದ ಬಂದು ಇಲ್ಲಿ ಕೂರುತ್ತಾರೆ. ಕೆಲವರು ನಸುಕಿನಲ್ಲೇ ಬರುತ್ತಾರೆ, ಕೆಲವರು ಅರ್ಧರಾತ್ರಿ ದಾಟಿದ ಮೇಲೆ ಏಳುತ್ತಾರೆ. ಮುಂಬಾಗಿಲ ಕೀಲಿಕೈ ಕೈಯಿಂದ ಕೈಗೆ ಹೋಗಿ, ಅದರ ನಕಲು ಎಷ್ಟು ಜನರ ಹತ್ತಿರ ಇದೆ ಅನ್ನೋದೇ ಗೊತ್ತಿರಲಿಲ್ಲ. ಕೋಣೆ ಬಿಟ್ಟು ಊರಿಗೆ ಹೋದವರ ಹತ್ತಿರವೂ ಇತ್ತು. ಅದಕ್ಕೇ ಕಾರ್ಡ್ ತೋರಿಸಿದರೆ ತೆರೆಯುವ ಬಾಗಿಲು ಮಾಡೋಣ ಅಂತ ಶುರು ಮಾಡಿದೆ. ಕಲ್ಲಿನ ಗೋಡೆ ಒಡೆದು ಕೇಬಲ್ ಎಳೆಯುವುದು ಬೇಡ, ಬಾಗಿಲಿಗೂ ಕಾಕಾ ಕೋಣೆಗೂ ಮಧ್ಯೆ ವೈರ್‌ಲೆಸ್ ಇರಲಿ ಅನ್ನೋದು ಮೊದಲೇ ತೀರ್ಮಾನವಾಗಿತ್ತು.

ಕಾಕಾ ಮೊದಲು ಕೇಳಿದ್ದು ಕಾರ್ಡಿನ ಬಗ್ಗೆ ಅಲ್ಲ. "ಕರೆಂಟ್ ಹೋದ್ರ ಒಳಗಿನ ಹುಡುಗ್ರು ಹೊರಗ ಹ್ಯಾಂಗ ಬರ್ತಾರಪಾ?" ಮುಂದಿನ ಕೆಲಸವೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಡೆಯಿತು. ಹೊರಗಿನವರನ್ನು ತಡೆಯುವುದು ಎರಡನೇ ಮಾತು. ಒಳಗಿರುವವರು ಯಾರನ್ನೂ ಕೇಳದೆ, ಯಾವ ಕಾರ್ಡೂ ಇಲ್ಲದೆ ಹೊರಗೆ ಬರುವಂತಿರಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನೇ ಹೇಳುತ್ತದೆ: ಹೊರಹೋಗುವ ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯಬೇಕು.

ಫೆಬ್ರವರಿ: ಬೆರಳೋ, ಕಾರ್ಡೋ

ಬೆರಳಚ್ಚಿನ ಯಂತ್ರ ಹಾಕು ಅಂತ ಸುಮಾರು ಜನ ಹೇಳಿದರು. ಮೆಸ್‌ನಲ್ಲಿ ಅಡುಗೆ ಮಾಡುವ ಅಕ್ಕನ ಕೈ ನೋಡಿ ಬೇಡ ಅಂದುಕೊಂಡೆ. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಅವರ ಬೆರಳಿನ ಗೆರೆ ಸವೆದಿದೆ. ರೇಷನ್ ಅಂಗಡಿಯಲ್ಲೇ ಹೆಬ್ಬೆಟ್ಟು ಹೊಂದುವುದಿಲ್ಲ ಅಂತ ಅವರು ಒದ್ದಾಡುತ್ತಾರೆ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಬರುವವರೇ ಅವರು. ಅವರಿಗೆ ತೆರೆಯದ ಬಾಗಿಲು ಹಾಕಿ ಏನು ಮಾಡುವುದು?

ಕಾರ್ಡಿನಲ್ಲೂ ಜಾತಿ ಬಹಳ. ಅಗ್ಗದ 125 ಕಿಲೋಹರ್ಟ್ಸ್ ಕಾರ್ಡುಗಳು ಹತ್ತಿರ ಹಿಡಿದವರಿಗೆಲ್ಲ ತಮ್ಮ ನಂಬರ್ ಹೇಳಿಬಿಡುತ್ತವೆ. ಸಣ್ಣ ಯಂತ್ರವೊಂದಿದ್ದರೆ ಕ್ಷಣದಲ್ಲಿ ನಕಲು ರೆಡಿ. 13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ಇನ್ನೂ ಎಲ್ಲ ಕಡೆ ಮಾರಾಟವಾಗುತ್ತಿದೆ, ಆದರೆ ಅದರ ಒಳಗಿನ ಗುಪ್ತಲಿಪಿಯನ್ನು ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2008ರಲ್ಲೇ ಒಡೆದು ತೋರಿಸಿದ್ದಾರೆ. ಕೀಲಿಕೈ ನಕಲಾಗುತ್ತೆ ಅಂತಲೇ ಈ ಕೆಲಸಕ್ಕೆ ಇಳಿದಿದ್ದು, ನಕಲಾಗುವ ಕಾರ್ಡನ್ನೇ ಕೊಂಡರೆ ಏನು ಬಂತು? ದುಡ್ಡು ಜಾಸ್ತಿಯಾದರೂ ಎಇಎಸ್ ಅನ್ನುವ ಗಟ್ಟಿ ಗುಪ್ತಲಿಪಿ ಇರುವ ಡೆಸ್‌ಫೈರ್ ಕಾರ್ಡ್ ತರಿಸಿದೆ. ಕಾರ್ಡ್ ಓದುವುದಕ್ಕೆ ಪಿಎನ್532 ಚಿಪ್, ಲೆಕ್ಕಾಚಾರಕ್ಕೆ ಇಎಸ್‌ಪಿ32 ಅನ್ನುವ ಸಣ್ಣ ಕಂಟ್ರೋಲರ್.

ಮಾರ್ಚ್: ಕಲ್ಲಿನ ಗೋಡೆ

ಈ ಮನೆಯ ಗೋಡೆ ಒಂದೂವರೆ ಅಡಿಗಿಂತ ದಪ್ಪ. ಶಹಾಬಾದ್ ಕಲ್ಲನ್ನು ಒಂದರ ಮೇಲೊಂದು ಕೂರಿಸಿ, ಸಂದಿಗೆ ಮಣ್ಣು ತುಂಬಿ ಕಟ್ಟಿದ್ದು. ನೆಲಕ್ಕೂ ಅದೇ ಪರಸಿ. ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತದೆ, ಆದರೆ ವೈಫೈ ದಾಟುವುದಿಲ್ಲ. ಕಾಕಾ ಕೋಣೆಯ ರೂಟರ್‌ನಿಂದ ಮುಂಬಾಗಿಲಿಗೆ ಬರುವಷ್ಟರಲ್ಲಿ ಎರಡು ಗೋಡೆ ಅಡ್ಡ. ಬಾಗಿಲ ಹತ್ತಿರ ಸಿಗ್ನಲ್ ಮೈನಸ್ 85 ಡಿಬಿಎಂ, ಅಂದರೆ ಬಹಳ ಕ್ಷೀಣ, ಅಂತ ತೋರಿಸುತ್ತಿತ್ತು, ಯಾರಾದರೂ ಮಧ್ಯೆ ನಿಂತರೆ ಅದೂ ಹೋಗುತ್ತಿತ್ತು.

2.4 ಗಿಗಾಹರ್ಟ್ಸ್ ಬಿಟ್ಟು ಕೆಳಗಿನ ತರಂಗಕ್ಕೆ ಇಳಿದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ನಡುವೆ, ನಿಗದಿ ಮಾಡಿದ ಶಕ್ತಿಯ ಮಿತಿಯೊಳಗೆ, ಲೈಸೆನ್ಸ್ ಇಲ್ಲದೆ ರೇಡಿಯೋ ಬಳಸಬಹುದು. ಎಸ್‌ಎಕ್ಸ್1276 ಚಿಪ್ ಇರುವ ಲೋರಾ (ಕಮ್ಮಿ ಶಕ್ತಿಯಲ್ಲಿ ದೂರ ಮುಟ್ಟುವ ರೇಡಿಯೋ) ಮಾಡ್ಯೂಲ್ ಎರಡು ತಂದೆ, ಬಾಗಿಲ ಪೆಟ್ಟಿಗೆಗೊಂದು, ಕಾಕಾ ಕೋಣೆಯ ಪೆಟ್ಟಿಗೆಗೊಂದು. ವೇಗ ಕಮ್ಮಿ ನಿಜ. ಆದರೆ ಬಾಗಿಲು ಏನು ವಿಡಿಯೋ ಕಳಿಸುತ್ತಾ? ಇಪ್ಪತ್ತು ಬೈಟಿನ ಒಂದು ಸಂದೇಶ ಹತ್ತನೇ ಒಂದು ಸೆಕೆಂಡಿನೊಳಗೆ ಹೋಗಿ ಮುಟ್ಟುತ್ತದೆ. ಎರಡು ಗೋಡೆ ದಾಟಿ ಮೆಸ್‌ವರೆಗೂ ಒಂದೂ ತಪ್ಪದೆ ಬಂತು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಬಾಗಿಲು ತೆರೆಯಬೇಕೋ ಬೇಡವೋ ಅಂತ ರೇಡಿಯೋ ಮೂಲಕ ಕೇಳಿ ತಿಳಿಯುವಂತೆ ಮಾಡಲೇಬಾರದು. ಯಾವ ಕಾರ್ಡಿಗೆ ಅನುಮತಿ ಇದೆ ಅನ್ನುವ ಪಟ್ಟಿ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲೇ ಇರಬೇಕು. ಹೊಸಬರನ್ನು ಸೇರಿಸುವುದು, ಬಿಟ್ಟವರನ್ನು ತೆಗೆಯುವುದು, ಇಷ್ಟಕ್ಕೆ ಮಾತ್ರ ರೇಡಿಯೋ. ಕಾಕಾ ಕೋಣೆಯ ಪೆಟ್ಟಿಗೆ ಬಂದ್ ಆಗಿದ್ದರೂ ಬಾಗಿಲು ತನ್ನ ಪಾಡಿಗೆ ನಡೆಯುತ್ತದೆ. ಪ್ರತಿ ಸಂದೇಶಕ್ಕೂ ಎಇಎಸ್ ಇದೆ, ಜೊತೆಗೆ ಏರುತ್ತಾ ಹೋಗುವ ಒಂದು ನಂಬರ್ ಇದೆ. ಹಳೇ ಸಂದೇಶವನ್ನು ಯಾರಾದರೂ ಹಿಡಿದಿಟ್ಟುಕೊಂಡು ಮತ್ತೆ ಬಿಟ್ಟರೆ, ನಂಬರ್ ಹಿಂದಿನದು ಅಂತ ಗೊತ್ತಾಗಿ ಬಾಗಿಲು ಅದನ್ನು ಕಸಕ್ಕೆ ಹಾಕುತ್ತದೆ.

ಏಪ್ರಿಲ್: ಬೀಗ ಮತ್ತು ಬಿಸಿಲು

ಬೀಗಕ್ಕೆ 600 ಪೌಂಡಿನ ವಿದ್ಯುತ್ಕಾಂತದ ಲಾಕ್ ಆರಿಸಿದೆ. ಅಂದರೆ ಸುಮಾರು 270 ಕೆಜಿ ಎಳೆತ ತಡೆಯುತ್ತದೆ. ಕರೆಂಟ್ ಇದ್ದರೆ ಹಿಡಿಯುತ್ತದೆ, ಹೋದರೆ ಬಿಡುತ್ತದೆ. ಕಾಕಾ ಪ್ರಶ್ನೆಗೆ ಇದೇ ಸರಿಯಾದ ಉತ್ತರ.

ಅದನ್ನು ಕೂರಿಸುವಾಗ ಬಡಿಗೇರ ಅಣ್ಣ ಮತ್ತು ನಾನು ಬಹಳ ಹೊತ್ತು ಕಳೆದಿದ್ದು ಒಂದು ಕಬ್ಬಿಣದ ಪಟ್ಟಿಯ ಮೇಲೆ. ಕಾಂತ ಚೌಕಟ್ಟಿನ ಮೇಲ್ಭಾಗಕ್ಕೆ, ಪಟ್ಟಿ ಬಾಗಿಲಿಗೆ. ಪಟ್ಟಿಯ ಹಿಂದೆ ನಡುವಿನ ಬೋಲ್ಟಿಗೆ ಒಂದು ರಬ್ಬರ್ ವಾಷರ್ ಬರುತ್ತದೆ. ಬೋಲ್ಟನ್ನು ಪೂರ್ತಿ ಬಿಗಿ ಮಾಡಬಾರದು. ಬೆರಳಿನಿಂದ ಒತ್ತಿದರೆ ಪಟ್ಟಿ ಸ್ವಲ್ಪ ಆ ಕಡೆ ಈ ಕಡೆ ಅಲ್ಲಾಡಬೇಕು. ಆಗಲೇ ಅದು ತಾನಾಗಿ ಕಾಂತದ ಮುಖಕ್ಕೆ ಸಮನಾಗಿ ಅಂಟುತ್ತದೆ. ನಡುವೆ ಕಾಗದದಷ್ಟು ಸಂದಿ ಉಳಿದರೂ ಹಿಡಿತ ಬಹಳಷ್ಟು ಕಮ್ಮಿಯಾಗುತ್ತದೆ. ಹಳೇ ಸಾಗವಾನಿ ಬಾಗಿಲು, ಮೂಲೆಯಲ್ಲಿ ಸ್ವಲ್ಪ ತಿರುಚಿದೆ. ಬಡಿಗೇರ ಅಣ್ಣ ಮೇಲಿನ ಬಿಜಾಗರಿ ಬಿಚ್ಚಿ, ಅದರ ಕೆಳಗೆ ತೆಳುವಾದ ಕಟ್ಟಿಗೆಯ ಚೂರು ಕೊಟ್ಟು ಮತ್ತೆ ಕೂರಿಸಿದರು. ಆಮೇಲೆ ಬಾಗಿಲು ಮುಚ್ಚಿದಾಗ 'ಟಕ್' ಅಂತ ಒಂದೇ ಸದ್ದು. ಇಬ್ಬರೂ ಹಿಡಿದು ಎಳೆದೆವು, ಅಲ್ಲಾಡಲಿಲ್ಲ.

ಒಳಗಿನ ಗುಂಡಿಯ ವಿಷಯ. ಇಂಟರ್‌ನೆಟ್‌ನಲ್ಲಿ ಸಿಗುವ ಸುಮಾರು ಸರ್ಕ್ಯೂಟುಗಳಲ್ಲಿ ಹೊರಹೋಗುವ ಗುಂಡಿಯನ್ನು ಕಂಟ್ರೋಲರಿಗೆ ಜೋಡಿಸಿರುತ್ತಾರೆ. ಗುಂಡಿ ಒತ್ತಿದರೆ ಪ್ರೋಗ್ರಾಂಗೆ ತಿಳಿದು, ಅದು ರಿಲೇ (ಲಾಕಿನ ಕರೆಂಟ್ ಹಾಕಿ ತೆಗೆಯುವ ಸ್ವಿಚ್) ಬಿಡಬೇಕು. ಪ್ರೋಗ್ರಾಂ ನಿಂತುಹೋಗಿದ್ದರೆ? ರಿಲೇ ಅಂಟಿಕೊಂಡಿದ್ದರೆ? ನಾನು ಗುಂಡಿಯನ್ನು ಲಾಕಿಗೆ ಹೋಗುವ 12 ವೋಲ್ಟ್ ತಂತಿಯ ಮಧ್ಯದಲ್ಲೇ ಹಾಕಿದ್ದೇನೆ. ಒತ್ತಿದರೆ ತಂತಿಯೇ ತುಂಡಾದಂತೆ, ಕಾಂತಕ್ಕೆ ಬಿಡದೆ ಬೇರೆ ದಾರಿ ಇಲ್ಲ. ಪಕ್ಕದಲ್ಲೇ ತುರ್ತಿಗೆ ಒಡೆಯುವ ಹಸಿರು ಪೆಟ್ಟಿಗೆ, ಅದೂ ಅದೇ ತಂತಿಯಲ್ಲಿ. ಲಾಕಿನ ಸುರುಳಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಲೇಬೇಕು, ಇಲ್ಲದಿದ್ದರೆ ಬಿಡುವ ಕ್ಷಣದ ವೋಲ್ಟೇಜ್ ಏಟಿಗೆ ರಿಲೇ ಕಾಂಟ್ಯಾಕ್ಟ್ ಬೇಗ ಸುಡುತ್ತದೆ.

ಕರೆಂಟ್ ಹೋದ ತಕ್ಷಣ ಬಾಗಿಲು ಹಾಳೂರ ಅಗಸಿಯಾಗಬಾರದಲ್ಲ, ಅದಕ್ಕೆ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ. ಲಾಕಿಗೆ ಅರ್ಧ ಆಂಪಿಯರ್, ಉಳಿದದ್ದಕ್ಕೆ ಸ್ವಲ್ಪ. ಲೆಕ್ಕದಲ್ಲಿ ಹನ್ನೊಂದು ತಾಸು, ಎಂಟು ತಾಸು ಅಂತ ಇಟ್ಟುಕೊಂಡರೆ ಸರಿ. ಮೇಲಿನ ಪತ್ರಾಸ್ ಶೆಡ್‌ನಲ್ಲಿ ಜಾಗ ಇತ್ತು, ಆದರೆ ನಮ್ಮೂರ ಏಪ್ರಿಲ್–ಮೇ ಬಿಸಿಲು 42 ಡಿಗ್ರಿ ದಾಟುತ್ತದೆ, ಪತ್ರಾಸ್ ಕೆಳಗೆ ಕೇಳುವುದೇ ಬೇಡ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿನ ಮೆಟ್ಟಿಲ ಕೆಳಗಿನ ಗೂಡೇ ಇಡೀ ಮನೆಯಲ್ಲಿ ತಂಪು. ಬ್ಯಾಟರಿ ಅಲ್ಲಿದೆ.

ಜೂನ್: ಯಾರು ಯಾವಾಗ ಬಂದರು

ಬಾಗಿಲು ನಡೆಯತೊಡಗಿದ ಮೇಲೆ ಒಬ್ಬ ಹುಡುಗನ ಅಪ್ಪ ಫೋನ್ ಮಾಡಿ, "ನನ್ನ ಮಗ ದಿನಾ ಎಷ್ಟಕ್ಕ ಬರ್ತಾನ, ಎಷ್ಟಕ್ಕ ಹೋಗ್ತಾನ, ಸ್ವಲ್ಪ ಹೇಳ್ರಿ" ಅಂದರು. ಕಾಳಜಿಯಿಂದಲೇ ಕೇಳಿದ್ದು. ಆದರೂ ಕಾಕಾ ಮತ್ತು ನಾನು ಕೊಡುವುದಿಲ್ಲ ಅಂದೆವು. ಕೇಳಿದರೆ ಮಗನೇ ಹೇಳುತ್ತಾನೆ, ಬಾಗಿಲು ಹೇಳಬಾರದು. ಪೆಟ್ಟಿಗೆಯಲ್ಲಿ ಹೆಸರು ಇಲ್ಲ, ಕಾರ್ಡಿನ ನಂಬರ್ ಮಾತ್ರ. ತಿಂಗಳಾದ ಮೇಲೆ ಅದೂ ತಾನಾಗಿ ಅಳಿಸಿಹೋಗುತ್ತದೆ. ಯಾವ ನಂಬರ್ ಯಾರದು ಅನ್ನೋದು ಕಾಕಾ ಅವರ ನೋಟ್‌ಬುಕ್ಕಿನಲ್ಲಿದೆ. ಈ ನಿಯಮವನ್ನು ಬಾಗಿಲ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ.

ಈಗ

ಮಳೆ ಹಿಡಿದ ಮೇಲೆ ಸಾಗವಾನಿ ಸ್ವಲ್ಪ ಉಬ್ಬಿ, ಬಾಗಿಲು ಕೆಳಗೆ ಹೊಸ್ತಿಲಿಗೆ ತಾಗುತ್ತಿದೆ. ಪಟ್ಟಿ ಅಲ್ಲಾಡುವಂತೆ ಬಿಟ್ಟಿದ್ದರಿಂದ ಲಾಕ್ ಇನ್ನೂ ಸರಿಯಾಗಿ ಹಿಡಿಯುತ್ತಿದೆ, ಆದರೆ ಬಾಗಿಲು ತಾನಾಗಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಒಣಗಿದ ಮೇಲೆ ಬಡಿಗೇರ ಅಣ್ಣ ಕೆಳಗಿನ ಅಂಚನ್ನು ಉಜ್ಜಿ ಕೊಡುತ್ತಾರೆ, ಒಂದು ಡೋರ್ ಕ್ಲೋಸರನ್ನೂ ಹಾಕುತ್ತೇವೆ. ಮೇಲಿನ ಕೋಣೆಗಳಿಗೆ ಕಾಂತದ ಲಾಕ್ ಬೇಡ, ಬ್ಯಾಟರಿ ಸೆಲ್ ಮೇಲೆ ನಡೆಯುವ ಹ್ಯಾಂಡಲ್ ಲಾಕ್ ಸಾಕು ಅಂತ ನೋಡುತ್ತಿದ್ದೇನೆ. ಅದರಲ್ಲಿ ಒಳಗಿನ ಹಿಡಿಕೆ ನೇರವಾಗಿ ಲಾಕಿನ ನಾಲಿಗೆಗೆ ಜೋಡಿಸಿರಬೇಕು, ಸೆಲ್ ಸತ್ತರೂ ಒತ್ತಿದರೆ ತೆರೆಯಬೇಕು. ಅಂಗಡಿಯಲ್ಲಿ ಸೆಲ್ ತೆಗೆಸಿ, ನಾನೇ ಒತ್ತಿ ನೋಡಿ, ಆಮೇಲೆ ಕೊಳ್ಳುತ್ತೇನೆ.