ಅಷ್ಟು ಕಪ್ಪಗಿರೋದನ್ನ ಮನೇಲೇ ಯಾಕೆ ಮಾಡ್ತೀಯ?

ಕನ್ನಡ ಕೂಟದ ಪಿಕ್ನಿಕ್ ಇರಲಿ, ಯಾರದೋ ಮನೆಯ ಗೃಹಪ್ರವೇಶ ಇರಲಿ, ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲು ಅದು ಹೋಗುವುದು ನನ್ನ ಗಂಡನ ಹತ್ತಿರ. "ಏನ್ ಸಾರ್, ಮನೇಲೇ ಬಿಯರ್ ಮಾಡ್ತೀರಂತೆ?" ಅವನೋ, ಬಿಯರ್ ಮುಟ್ಟದ ಮನುಷ್ಯ. ಮಜ್ಜಿಗೆ ಲೋಟ ಹಿಡಿದ ಕೈಯಲ್ಲೇ ನನ್ನ ಕಡೆ ತೋರಿಸುತ್ತಾನೆ. "ನಾನಲ್ಲ, ಇವಳು." ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ನನ್ನ ಸರದಿ.

"ಅದೂ ಡಾಂಬರ್ ತರ ಇರುತ್ತಲ್ಲ, ಅದನ್ನೇ ಯಾಕೆ ಮಾಡ್ತೀಯ? ಅಂಗಡೀಲಿ ಸಿಗಲ್ವಾ?"

ಸಿಗುತ್ತದೆ. ಆದರೂ ಶಿಕಾಗೋ ಹತ್ತಿರದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ವರ್ಷಕ್ಕೊಂದು ಸಲ ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪು ಬಿಯರ್ ಮಾಡುತ್ತೇನೆ. ಪ್ಲೇಟ್ ಹಿಡಿದು ನಿಂತಲ್ಲೇ ಇದಕ್ಕೆಲ್ಲ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಪ್ಪಿನ ವಿಷಯ. ಕಪ್ಪಗಿದ್ದರೆ ಕಿಕ್ ಜಾಸ್ತಿ ಅಂತ ತುಂಬ ಜನ ನಂಬಿದ್ದಾರೆ. ಎರಡಕ್ಕೂ ಸಂಬಂಧವೇ ಇಲ್ಲ. ಪಬ್ಬಿನಲ್ಲಿ ಹಿಡಿದು ಕೊಡುವ ಗಿನ್ನೆಸ್ ಕಪ್ಪೇ ತಾನೇ? ಅದರಲ್ಲಿ ಆಲ್ಕೋಹಾಲ್ ಬರೀ 4.2 ಪರ್ಸೆಂಟ್. ಹೊಂಬಣ್ಣದ ಕಿಂಗ್‌ಫಿಶರ್ ಪ್ರೀಮಿಯಂನಲ್ಲಿ 4.8. ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಕಾಫಿ ಬೀಜ ಹುರಿಯುವ ಹಾಗೆಯೇ ಹುರಿಯುತ್ತಾರೆ, ಸೀಯುವ ಅಂಚಿನವರೆಗೆ. 1817ರಲ್ಲಿ ಡೇನಿಯಲ್ ವೀಲರ್ ಎಂಬುವನು ಇಂಗ್ಲೆಂಡಿನಲ್ಲಿ ಪೇಟೆಂಟ್ ತೆಗೆದುಕೊಂಡಿದ್ದು ಕಾಫಿ ಹುರಿಯುವ ಡ್ರಮ್ಮಿನಂಥದ್ದೇ ಒಂದು ಯಂತ್ರಕ್ಕೆ. ಅದರಲ್ಲಿ ಹುರಿದ ಕಪ್ಪು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಇವತ್ತಿಗೂ ಅಂಗಡಿಯಲ್ಲಿ 'ಪೇಟೆಂಟ್ ಮಾಲ್ಟ್' ಅಂತಲೇ ಕೇಳಿ ತರುತ್ತೇವೆ. ಇನ್ನೂರು ವರ್ಷ ಆಯಿತು, ಪೇಟೆಂಟ್ ಯಾವತ್ತೋ ಮುಗಿಯಿತು, ಹೆಸರು ಮಾತ್ರ ಬಿಟ್ಟಿಲ್ಲ.

ಇಂಪೀರಿಯಲ್ ಸ್ಟೌಟ್ ಬೇರೆ ಜಾತಿ. ಸಾಮಾನ್ಯವಾಗಿ 8ರಿಂದ 12 ಪರ್ಸೆಂಟ್ ಇರುತ್ತದೆ. ಗ್ಲಾಸಿಗೆ ಬಗ್ಗಿಸಿದರೆ ಹರಳೆಣ್ಣೆಯ ಹಾಗೆ ನಿಧಾನ ಇಳಿಯುತ್ತದೆ. ನೊರೆ ಬಿಳಿ ಅಲ್ಲ, ಬೆಲ್ಲದ ಬಣ್ಣ. ಮೂಗಿಗೆ ಮೊದಲು ಕಾಫಿ, ಆಮೇಲೆ ಸಿಹಿ ಇಲ್ಲದ ಚಾಕೊಲೇಟ್, ಅದರ ಹಿಂದೆ ಒಣದ್ರಾಕ್ಷಿ, ಖರ್ಜೂರ. ಬೆಲ್ಲದ ಪಾಕ ಇನ್ನೇನು ಸೀದೇಬಿಡ್ತು ಅನ್ನುವಾಗ ಬರುತ್ತದಲ್ಲ, ಆ ವಾಸನೆಯೂ ಇದೆ. ನಾಲಿಗೆ ಮೇಲೆ ಸಿಹಿ, ಗಂಟಲಲ್ಲಿ ಕಹಿ, ನುಂಗಿದ ಮೇಲೆ ಎದೆಯಲ್ಲಿ ಬೆಚ್ಚಗೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಾಗ ಇದರ ಬೆಲೆ ಗೊತ್ತಾಗುತ್ತದೆ. ಬಾಯಾರಿಕೆಗೆ ಕುಡಿಯುವ ಬಿಯರ್ ಇದಲ್ಲ. ಹಾಗೆ ಕುಡಿದವರು ಅರ್ಧ ಗಂಟೆಯಲ್ಲಿ ನಮ್ಮ ಸೋಫಾ ಮೇಲೆ ಮಲಗಿದ್ದಾರೆ.

ಹೆಸರಲ್ಲಿ ಇಂಪೀರಿಯಲ್ ಯಾಕೆ ಅಂತಲೂ ಕೇಳುತ್ತಾರೆ. ಇದು ಹುಟ್ಟಿದ್ದು ಲಂಡನ್ನಿನಲ್ಲಿ, ಹದಿನೆಂಟನೇ ಶತಮಾನದಲ್ಲಿ. ಅಲ್ಲಿ ಆಗ ನಡೆಯುತ್ತಿದ್ದ ಕಂದು ಬಿಯರಿಗೆ ಪೋರ್ಟರ್ ಅನ್ನುತ್ತಿದ್ದರು. ಬೀದಿಯಲ್ಲಿ, ಥೇಮ್ಸ್ ದಂಡೆಯಲ್ಲಿ ಮೂಟೆ ಹೊರುವ ಹಮಾಲಿಗಳಿಗೆ ಪ್ರಿಯವಾಗಿದ್ದರಿಂದ ಬಂದ ಹೆಸರು. ಅದನ್ನೇ ಗಟ್ಟಿ ಮಾಡಿದರೆ ಸ್ಟೌಟ್. ಇನ್ನೂ ಗಟ್ಟಿ ಮಾಡಿ ರಷ್ಯಾಗೆ ಕಳಿಸಿದ್ದು ಮುಂದೆ ಇಂಪೀರಿಯಲ್ ಆಯಿತು. ಜೋಸೆಫ್ ಫ್ಯಾರಿಂಗ್ಟನ್ ಎಂಬ ಚಿತ್ರಕಾರ 1796ರಲ್ಲಿ ತನ್ನ ಡೈರಿಯಲ್ಲಿ ಒಂದು ಪೋರ್ಟರ್ ಕುಡಿದಿದ್ದನ್ನು ಬರೆದುಕೊಂಡಿದ್ದಾನೆ. ಥ್ರೇಲ್ ಕಾರ್ಖಾನೆಯದು, ರಷ್ಯಾದ ಮಹಾರಾಣಿಗೆಂದೇ ಮಾಡಿದ್ದು, ಏಳು ವರ್ಷ ಇಟ್ಟರೂ ಕೆಡುವುದಿಲ್ಲ ಅಂತ ಅವನಿಗೆ ಹೇಳಿದರಂತೆ. ಆ ಮಹಾರಾಣಿ ಕ್ಯಾಥರೀನ್. ಹಮಾಲಿಯ ಬಿಯರು ಅರಮನೆಗೆ ಹೋಗಿ ಸೇರಿತು ನೋಡಿ.

ಈ ಥ್ರೇಲ್ ಮನೆಯ ಕಥೆ ನನಗೆ ಬೇರೆ ಕಾರಣಕ್ಕೆ ಇಷ್ಟ. ಮಾಲೀಕ ಹೆನ್ರಿ ಥ್ರೇಲ್ ಯಾರದೋ ಮಾತು ಕೇಳಿ, ಮಾಲ್ಟೂ ಇಲ್ಲದೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವೂ ಇಲ್ಲದೆ ಬಿಯರ್ ಮಾಡುತ್ತೇನೆ ಅಂತ ಹೊರಟ. 1772ರಲ್ಲಿ ದಿವಾಳಿಯ ಬಾಗಿಲಿಗೆ ಬಂದು ನಿಂತ. ಆಗ ಓಡಾಡಿ, ತನ್ನ ತಾಯಿಯಿಂದ, ಸ್ನೇಹಿತರಿಂದ ಸಾಲ ಎತ್ತಿ ಕಾರ್ಖಾನೆ ಉಳಿಸಿದ್ದು ಹೆಂಡತಿ ಹೆಸ್ಟರ್. ಹೆನ್ರಿ ತೀರಿಕೊಂಡ ಮೇಲೆ 1781ರಲ್ಲಿ ಅದನ್ನು 1,35,000 ಪೌಂಡಿಗೆ ಮಾರಿದರು. ಕೊಂಡವರು ಬಾರ್ಕ್ಲೇ ಪರ್ಕಿನ್ಸ್ ಅಂತ ಹೆಸರಿಟ್ಟುಕೊಂಡು ರಷ್ಯಾದ ವ್ಯಾಪಾರ ಮುಂದುವರಿಸಿದರು. "ಹೆಂಗಸರು ಬಿಯರ್ ಮಾಡೋದಾ?" ಅಂತ ಹುಬ್ಬೇರಿಸುವವರಿಗೆ ನಾನು ಹೆಸ್ಟರ್ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಈಗ ಅಂಗಡಿ ವಿಷಯ. ನಮ್ಮೂರು ಸ್ಟೌಟಿಗೆ ಬಡ ಊರೇನಲ್ಲ. ಬರ್ಬನ್ ಅನ್ನುವ ಅಮೆರಿಕದ ವಿಸ್ಕಿಯ ಪೀಪಾಯಿಯಲ್ಲಿ ಇಂಪೀರಿಯಲ್ ಸ್ಟೌಟ್ ಹಾಕಿಡುವ ಹುಚ್ಚನ್ನು ಊರೂರಿಗೆ ಹಬ್ಬಿಸಿದ್ದೇ ಇಲ್ಲಿನ ಬಿಯರ್ ಕಂಪನಿ ಗೂಸ್ ಐಲೆಂಡ್, 1990ರ ದಶಕದಲ್ಲಿ. ಬರ್ಬನ್ ಮಾಡುವವರು ಕಾನೂನಿನ ಪ್ರಕಾರ ಪ್ರತಿ ಸಲವೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯನ್ನೇ ಬಳಸಬೇಕು. ಹಾಗಾಗಿ ಒಂದು ಸಲ ಬಳಸಿದ ಪೀಪಾಯಿ ಬಿಯರ್‌ನವರ ಪಾಲಿಗೆ ಬರುತ್ತದೆ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಮರುದಿನ ಇವರ ಬರ್ಬನ್ ಕೌಂಟಿ ಸ್ಟೌಟ್ ಬಿಡುಗಡೆ. ಚಳಿಯಲ್ಲಿ ಕ್ಯೂ. ನಾನೂ ಎರಡು ಸಲ ನಿಂತಿದ್ದೇನೆ, ಈಗ ನಿಲ್ಲುವುದಿಲ್ಲ. ಚೆನ್ನಾಗಿಲ್ಲ ಅಂತಲ್ಲ. ಆದರೆ ಅದರ ಹಿಂದೆ ಬಂದ ಮರಿಗಳಿವೆಯಲ್ಲ, ಮಾರ್ಷ್‌ಮ್ಯಾಲೋ, ತೆಂಗಿನಕಾಯಿ, ವೆನಿಲಾ, ಡೋನಟ್ ಎಲ್ಲ ಸುರಿದ ಸ್ಟೌಟುಗಳು, ಅವು ನನ್ನ ಕೈಲಿ ಆಗುವುದಿಲ್ಲ. ಎರಡನೇ ಗುಟುಕಿಗೆ ಬಾದಾಮ್ ಹಾಲಿಗೆ ರಮ್ ಹಾಕಿದ ಹಾಗಿರುತ್ತದೆ. ನನಗೆ ಬೇಕಾದ್ದು ಹಳೇ ಕ್ರಮದ್ದು. ಕಹಿ ಇರಬೇಕು, ಹುರಿದ ಖಾರ ಇರಬೇಕು, ಕೊನೆಗೆ ಬಾಯಿ ಒಣಗಿದ ಹಾಗಾಗಬೇಕು. ಕ್ಯಾಲಿಫೋರ್ನಿಯಾದ ನಾರ್ತ್ ಕೋಸ್ಟ್‌ನವರ ಓಲ್ಡ್ ರಾಸ್‌ಪುಟಿನ್ ಇನ್ನೂ ಆ ದಾರಿಯಲ್ಲೇ ಇದೆ. ಮೊದಲ ಸಲ ರುಚಿ ನೋಡುವವರಿಗೆ ನಾನು ಹೇಳುವುದು ಅದನ್ನೇ.

ಇನ್ನೊಂದು ಕಾರಣ ಲೆಕ್ಕದ್ದು. ಒಂದೇ ಸ್ಟೌಟನ್ನು ಮೂರು ತಿಂಗಳಿಗೆ, ಒಂದು ವರ್ಷಕ್ಕೆ, ಮೂರು ವರ್ಷಕ್ಕೆ ರುಚಿ ನೋಡಬೇಕು ಅಂದರೆ ಕೈಯಲ್ಲಿ ನಲವತ್ತು ಐವತ್ತು ಬಾಟಲ್ ಇರಬೇಕು. ಕೊಂಡುತಂದು ಅದು ಸಾಗುವ ಮಾತಲ್ಲ.

ಮಾಡುವುದು ಹೇಗೆ? ಮಾಲ್ಟ್ ಅಂದರೆ ಏನು ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಮಗುವಿಗೆ ರಾಗಿ ಮಾಲ್ಟ್ ಮಾಡಿದ ಮನೆಗಳಿಗೆಲ್ಲ ಗೊತ್ತು. ಕಾಳು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿಯುವುದು. ರಾಗಿ ಬದಲು ಬಾರ್ಲಿ, ಅಷ್ಟೇ. ಮೊಳಕೆ ಬರುವಾಗ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಕಾಳಿನೊಳಗೇ ಹುಟ್ಟುತ್ತದೆ. ಅದು ಕೆಲಸ ಮಾಡಲು ಹದವಾದ ಬಿಸಿನೀರು ಬೇಕು.

19 ಲೀಟರಿಗೆ ನನ್ನ ಅಳತೆ ಹೀಗೆ. ಮ್ಯಾರಿಸ್ ಆಟರ್ ಎಂಬ ತಳಿಯ ಬಾರ್ಲಿ ಮಾಲ್ಟ್ ಏಳೂವರೆ ಕೆಜಿ, ಓಟ್ಸ್ 700 ಗ್ರಾಂ, ಹುರಿದ ಬಾರ್ಲಿ 450, ಕಡುಬಣ್ಣದ ಕ್ರಿಸ್ಟಲ್ ಮಾಲ್ಟ್ 450, ಚಾಕೊಲೇಟ್ ಮಾಲ್ಟ್ 350, ಪೇಟೆಂಟ್ ಮಾಲ್ಟ್ 150. ಚಾಕೊಲೇಟ್ ಮಾಲ್ಟಿನಲ್ಲಿ ಚಾಕೊಲೇಟ್ ಇರುವುದಿಲ್ಲ, ಬಣ್ಣಕ್ಕೆ ಆ ಹೆಸರು. ಇಷ್ಟನ್ನೂ ಪಿಕ್ನಿಕ್‌ಗೆ ಐಸ್ ತುಂಬಿಕೊಂಡು ಹೋಗುವ ದೊಡ್ಡ ಕೂಲರ್ ಡಬ್ಬದಲ್ಲಿ ಬಿಸಿನೀರಿಗೆ ಹಾಕಿ, 67 ಡಿಗ್ರಿಯಲ್ಲಿ ಒಂದು ಗಂಟೆ ಮುಚ್ಚಿಡುತ್ತೇನೆ.

ಹಾಸನದಿಂದ ಅಮ್ಮ ಬಂದಿದ್ದಾಗ ಒಂದು ಸಲ ಇದನ್ನು ಮಾಡಿದೆ. ಬೇಡ ಅಂತಾರೇನೋ ಅಂತ ಹೆದರಿಕೆ ಇತ್ತು. ಮುಚ್ಚಳ ತೆಗೆದಾಗ ಆವಿ ಎದ್ದಿತು. ಅಮ್ಮ ಒಳಗಿನಿಂದಲೇ, "ಯಾರೇ ಹುರಿಹಿಟ್ಟು ಮಾಡ್ತಿರೋದು?" ಅಂದರು. ಬಂದು ಬಗ್ಗಿ ನೋಡಿದರು. ಕೆಳಗಿನ ನಲ್ಲಿಯಿಂದ ಒಂದು ಚಿಕ್ಕ ಲೋಟಕ್ಕೆ ಹಿಡಿದು ಕೊಟ್ಟೆ. ಇನ್ನೂ ಯೀಸ್ಟ್ ಸೋಕಿಲ್ಲ ತಾನೇ, ಬರೀ ಸಿಹಿನೀರು. ಊದಿ ಊದಿ ಕುಡಿದರು. "ಎಷ್ಟು ಚೆನ್ನಾಗಿದೆ ಕಣೆ! ಹೀಗೇ ಕುಡಿಯೋದು ಬಿಟ್ಟು ಯಾಕೆ ಹಾಳು ಮಾಡ್ತೀಯ?" ಈ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಉಳಿದ ಒದ್ದೆ ಹೊಟ್ಟು ಎಸೆಯಲು ಅವರಿಗೆ ಮನಸ್ಸಾಗಲಿಲ್ಲ. ಮಾರನೇ ದಿನ ಅಕ್ಕಿ ಹಿಟ್ಟಿಗೆ ಎರಡು ಹಿಡಿ ಹಾಕಿ ರೊಟ್ಟಿ ತಟ್ಟಿದರು. ರುಚಿಗೆ ಮೋಸ ಇರಲಿಲ್ಲ. ಆದರೆ ಬಾರ್ಲಿಯ ಸಿಪ್ಪೆ ಹಲ್ಲಿನ ಸಂದಿಯಿಂದ ಬರಲು ಎರಡು ದಿನ ಬೇಕಾಯಿತು.

ಬಸಿದ ಸಿಹಿನೀರನ್ನು ಮನೆ ಮುಂದೆ ಗ್ಯಾಸ್ ಒಲೆ ಇಟ್ಟು ಎರಡು ಗಂಟೆ ಕುದಿಸುತ್ತೇನೆ. ಕೊನೆಯ ಒಂದು ಗಂಟೆ ಇರುವಾಗ 60 ಗ್ರಾಂ ಮ್ಯಾಗ್ನಂ ಹಾಪ್ಸ್. ಸಿಹಿಗೆ ಎದುರು ನಿಲ್ಲುವ ಕಹಿ ಅಲ್ಲಿಂದ. ತಣ್ಣಗಾದ ಮೇಲೆ ಯೀಸ್ಟ್, ಒಂದಲ್ಲ, ಎರಡು ಪ್ಯಾಕೆಟ್. ಇಷ್ಟು ಮಂದ ಸಕ್ಕರೆನೀರಿನಲ್ಲಿ ಒಂದು ಪ್ಯಾಕೆಟ್ ಯೀಸ್ಟಿಗೆ ಉಸಿರು ಕಟ್ಟುತ್ತದೆ. ನೀರಿನದು 1.000 ಅಂದರೆ, ಇದರ ಶುರುವಿನ ಸಾಂದ್ರತೆ 1.092ರ ಹತ್ತಿರ, ಹುದುಗಿ ನಿಂತಾಗ 1.024. ಆಲ್ಕೋಹಾಲ್ ಸುಮಾರು 9 ಪರ್ಸೆಂಟ್.

ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ, ಆದರೆ ಮೊದಲ ಸಲ ಆಗಿದ್ದು ಬೇರೆ. ಆಗ ಬಾಡಿಗೆ ಅಪಾರ್ಟ್‌ಮೆಂಟ್. ಬಟ್ಟೆ ಕಪಾಟಿನ ಒಳಗೆ ಬಕೆಟ್ ಇಟ್ಟು, ಮುಚ್ಚಳಕ್ಕೆ ಗ್ಯಾಸ್ ಹೊರಗೆ ಬಿಡುವ ಚಿಕ್ಕ ಏರ್‌ಲಾಕ್ ಹಾಕಿ ಮಲಗಿದೆ. ಎರಡನೇ ರಾತ್ರಿ ನೊರೆ ಉಕ್ಕಿ ಆ ತೂತು ಕಟ್ಟಿಕೊಂಡಿತು. ಬೆಳಗಿನ ಜಾವ ಮೂರು ಗಂಟೆಗೆ 'ಢಬ್' ಅಂತ ಸದ್ದು. ಮುಚ್ಚಳ ಹಾರಿ, ಕಪಾಟಿನ ಸೂರಿಗೆಲ್ಲ ಕಪ್ಪು ನೊರೆ. ಗಂಡನ ಇಂಟರ್‌ವ್ಯೂ ಕೋಟು ಅಲ್ಲೇ ನೇತಾಡುತ್ತಿತ್ತು. ಈಗ ಏರ್‌ಲಾಕ್ ಬದಲು ಬೆರಳು ದಪ್ಪದ ಪೈಪ್ ಹಾಕಿ, ಅದರ ತುದಿಯನ್ನು ನೀರಿನ ಬಕೆಟ್ಟಿಗೆ ಬಿಡುತ್ತೇನೆ. ಮೊದಲ ವಾರ 18 ಡಿಗ್ರಿ ದಾಟಲು ಬಿಡುವುದಿಲ್ಲ. ಬಿಸಿ ಏರಿದರೆ ಸ್ಪಿರಿಟ್ ವಾಸನೆ ಬರುತ್ತದೆ, ಆಮೇಲೆ ಎಷ್ಟು ಕಾದರೂ ಅದು ಪೂರ್ತಿ ಹೋಗುವುದಿಲ್ಲ.

ಎರಡನೇ ಸಲದ ಎಡವಟ್ಟು ಇನ್ನೂ ಹೊಟ್ಟೆ ಉರಿಸುವಂಥದ್ದು. ಎಲ್ಲ ಚೆನ್ನಾಗಿ ಆಯಿತು. ನಾಲ್ಕು ತಿಂಗಳು ಬಿಟ್ಟು, ಯೀಸ್ಟ್ ತಿಂದು ಗ್ಯಾಸ್ ಬರಿಸಲಿ ಅಂತ ಸಕ್ಕರೆ ಹಾಕಿ 48 ಬಾಟಲ್ ತುಂಬಿದೆ. ಒಂದು ತಿಂಗಳಾದ ಮೇಲೆ ತೆಗೆದರೆ ಗ್ಯಾಸೇ ಇಲ್ಲ, ಆರಿದ ಕಷಾಯ. ಅಷ್ಟು ಆಲ್ಕೋಹಾಲಿನಲ್ಲಿ ಅಷ್ಟು ದಿನ ಇದ್ದ ಯೀಸ್ಟ್ ಸುಸ್ತಾಗಿ ತಳ ಸೇರಿತ್ತು. ಬಾಟಲ್ ತುಂಬುವ ದಿನ ಸ್ವಲ್ಪ ಹೊಸ ಯೀಸ್ಟ್ ಬೆರೆಸಬೇಕು ಅನ್ನುವುದು 48 ಬಾಟಲ್ ಕೊಟ್ಟು ಕಲಿತ ಪಾಠ.

ಊರಲ್ಲೂ ಮಾಡಬಹುದಾ ಅಂತ ತಮ್ಮ ಕೇಳುತ್ತಿರುತ್ತಾನೆ. ಬೇಡಪ್ಪ. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆ ಬಿಯರಿಗೆ ದಾರಿ ಆಯಿತು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆ ಇಲ್ಲ, ಮಾರುವ ಹಾಗಿಲ್ಲ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಒಳ್ಳೇ ಸ್ಟೌಟ್ ಸಿಗುತ್ತದೆ, ಅಲ್ಲಿಗೆ ಹೋಗು ಅನ್ನುತ್ತೇನೆ.

ಕುಡಿಯುವ ಬಗ್ಗೆ ಎರಡು ಮಾತು. ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ. ಕೊರೆಯುವ ತಣ್ಣಗಿದ್ದರೆ ಬರೀ ಕಹಿ ಗೊತ್ತಾಗುತ್ತದೆ. 12–14 ಡಿಗ್ರಿಗೆ ಬಂದ ಮೇಲೆ ಒಂದೊಂದೇ ವಾಸನೆ ಬಿಚ್ಚಿಕೊಳ್ಳುತ್ತದೆ. ಒಬ್ಬರಿಗೆ ಅರ್ಧ ಲೋಟ ಸಾಕು, ಒಂದು ಬಾಟಲ್ ಇಬ್ಬರಿಗೆ. ಖಾರದ ಜೊತೆ ಬೇಡ, ಆಲ್ಕೋಹಾಲ್ ಸೇರಿ ಬಾಯಿ ಇನ್ನಷ್ಟು ಉರಿಯುತ್ತದೆ. ಕೋಳಿ ಸಾರಿನ ಜೊತೆ ಕೊಟ್ಟು ಬೈಸಿಕೊಂಡಿದ್ದೇನೆ. ಮೈಸೂರು ಪಾಕ್ ಜೊತೆ ನೋಡಿ, ತುಪ್ಪ ಜಾಸ್ತಿ ಇರುವ ಮೆತ್ತನೆಯದಲ್ಲ, ಗೂಡುಗೂಡಾಗಿರುವ ಗಟ್ಟಿಯದು. ಅದರ ಸೀದ ಅಂಚು, ಇದರ ಹುರಿದ ಕಹಿ, ಎರಡೂ ಅಕ್ಕತಂಗಿಯರ ಹಾಗೆ.

ಒಂದು ವರ್ಷ ಸಕಲೇಶಪುರದ ಕಡೆಯ ಕಾಫಿಪುಡಿ ಹಾಕಿದ್ದೆ, ಚಿಕೋರಿ ಇಲ್ಲದ್ದು. ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಸಿದು, ಬಾಟಲ್ ತುಂಬುವ ದಿನ ಬೆರೆಸಿದೆ. ಮೊದಲ ಎರಡು ತಿಂಗಳು ಸ್ವರ್ಗ. ಒಂದು ವರ್ಷಕ್ಕೆ ದಪ್ಪ ಮೆಣಸಿನಕಾಯಿ ಹೆಚ್ಚಿದ ವಾಸನೆ. ಕಾಫಿ ಹಾಕಿದ್ದನ್ನು ಬೇಗ ಕುಡಿದು ಮುಗಿಸಬೇಕು. ಏನೂ ಹಾಕದ್ದು ಮಾತ್ರ ಇಟ್ಟಷ್ಟೂ ಬೇರೆಯಾಗುತ್ತದೆ. ಹೊಸದರಲ್ಲಿ ಕಹಿ ಮುಂದೆ ಇರುತ್ತದೆ. ವರ್ಷ ಕಳೆದ ಹಾಗೆ ಅದು ಹಿಂದೆ ಸರಿದು ಒಣದ್ರಾಕ್ಷಿ ಮುಂದೆ ಬರುತ್ತದೆ. ನಾಲ್ಕು ವರ್ಷದ ಒಂದು ಬಾಟಲಲ್ಲಿ ಸೋಯಾ ಸಾಸ್ ಬಂದಿತ್ತು. ಅದನ್ನು ಸಿಂಕಿಗೆ ಸುರಿದೆ. ಏಳು ವರ್ಷ ಇಡುವ ವಿದ್ಯೆ ಥ್ರೇಲ್ ಮನೆಯವರ ಜೊತೆಗೇ ಹೋಯಿತೋ ಏನೋ.

ಪ್ರಶ್ನೆಗಳೆಲ್ಲ ಮುಗಿದ ಮೇಲೆ ಪಿಕ್ನಿಕ್ಕಿನಲ್ಲಿ ಯಾರಾದರೊಬ್ಬರು ಮೆಲ್ಲಗೆ ಪಕ್ಕಕ್ಕೆ ಬಂದು, "ಒಂದು ಬಾಟಲ್ ಇದ್ರೆ ಕೊಡ್ತೀಯಾ?" ಅನ್ನುತ್ತಾರೆ. ಕೊಡುತ್ತೇನೆ. ಖಾಲಿ ಬಾಟಲ್ ತೊಳೆದು ವಾಪಸ್ ಕೊಡಿ ಅಂತ ಹೇಳಿಯೇ ಕೊಡುತ್ತೇನೆ. ಕಳೆದ ತಿಂಗಳು ಒಬ್ಬ ಆಂಟಿ ತಂದುಕೊಟ್ಟರು. ಇಸ್ಕೊಂಡ ಪಾತ್ರೆ ಖಾಲಿ ವಾಪಸ್ ಕೊಡಬಾರದಂತೆ. ಬಾಟಲ್ ತುಂಬ ಹುಣಸೆಹಣ್ಣಿನ ಗೊಜ್ಜು.