48 ಗಂಟೆಯೊಳಗೆ ತಿಳಿಸಬೇಕು

ಜುಲೈ ತಿಂಗಳ ಒಂದು ಶನಿವಾರ ರಾತ್ರಿ ಸೋಮವಾರಪೇಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಹವಾಲ್ದಾರರೊಬ್ಬರಿಗೆ ಎದೆನೋವು ಬಂತು. ಮಗ ಮಳೆಯಲ್ಲೇ ಜೀಪು ತೆಗೆದು ಹತ್ತಿರದ ಪಟ್ಟಣದ ಖಾಸಗಿ ಆಸ್ಪತ್ರೆಗೆ ಸೇರಿಸಿದ. ಆ ಆಸ್ಪತ್ರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಟ್ಟಿಯಲ್ಲಿ ಇರಲಿಲ್ಲ. ಆದರೂ ಅವನು ಮಾಡಿದ್ದು ಸರಿ. ಹೃದಯಾಘಾತದಲ್ಲಿ ಪಟ್ಟಿ ಹುಡುಕುತ್ತ ಕೂರುವಂತಿಲ್ಲ.

ಇಸಿಜಿ ತೆಗೆದು, ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಮಗನಿಂದ ನನಗೆ ಫೋನ್ ಬಂತು: "ಅಂಕಲ್, ರೆಫರಲ್ ಇಲ್ಲದೆ ಸೇರಿಸ್ಕೊಳ್ತಾರಾ?"

"ಎಮರ್ಜೆನ್ಸಿಗೆ ರೆಫರಲ್ ಬೇಡ. ಕಾರ್ಡ್ ತಗೊಂಡು ಹೊರಡಪ್ಪ."

2003ರಲ್ಲಿ ಶುರುವಾದ ಈ ಯೋಜನೆಯಲ್ಲಿ ಮಾಮೂಲಿ ದಾರಿ ಪಾಲಿಕ್ಲಿನಿಕ್‌ನದು, ಅಂದರೆ ಯೋಜನೆಯದೇ ಚಿಕಿತ್ಸಾಲಯದ್ದು. ಅಲ್ಲಿನ ವೈದ್ಯರು ನೋಡಿ ರೆಫರ್ ಮಾಡಿದ ಮೇಲೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಹಣ ಕಟ್ಟುವಂತಿಲ್ಲ. ತುರ್ತಿನಲ್ಲಿ ನೇರವಾಗಿ ಸೇರಬಹುದು, 48 ಗಂಟೆಯೊಳಗೆ ಆಸ್ಪತ್ರೆಯೇ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಮೈಸೂರಿನ ಪಟ್ಟಿಯ ಆಸ್ಪತ್ರೆಯಲ್ಲಿ ಅಡ್ಮಿಷನ್ ಕೌಂಟರಿನವರು ಮೊದಲು ಡೆಪಾಸಿಟ್ ಕೇಳಿದರು. ಕಾರ್ಡ್ ತೋರಿಸಿ, ತುರ್ತು ದಾಖಲಾತಿಯ ವರದಿ ಕಳಿಸಿ ಎಂದು ಪಟ್ಟು ಹಿಡಿದ ಮೇಲೆ ಬಿಟ್ಟರು. ಇಂಥ ಹೊತ್ತಲ್ಲಿ ಗಾಬರಿಗೆ ಬಿದ್ದು ಹಣ ಕಟ್ಟುವವರೇ ಹೆಚ್ಚು. ಕಟ್ಟಿದ ಮೇಲೆ ವಾಪಸ್ ಪಡೆಯುವುದು ತಿಂಗಳುಗಟ್ಟಲೆ ಅಲೆದಾಟ.

ಪಟ್ಟಿಯಲ್ಲಿರದ ಮೊದಲ ಆಸ್ಪತ್ರೆಯ ವಿಷಯ ಬೇರೆ. ಅಲ್ಲಿ ತಿಳಿಸುವ ಹೊಣೆ ಮನೆಯವರದೇ. ಭಾನುವಾರ ಪಾಲಿಕ್ಲಿನಿಕ್‌ಗೆ ರಜೆ, ಆದರೆ 48 ಗಂಟೆಗೆ ರಜೆ ಇಲ್ಲ. ಸೋಮವಾರ ಹೋಗಿ ಹೇಳಿದರಾಯಿತು ಎಂದು ಕೂತು, ಆ ದಿನವೂ ತಪ್ಪಿಸಿಕೊಂಡವರ ಕ್ಲೇಮು ಇಲ್ಲೇ ಎಡವುತ್ತದೆ. ಹಾಗಾಗಿ ರೋಗಿಯ ಹೆಸರು, ಕಾರ್ಡ್ ನಂಬರ್, ಆಸ್ಪತ್ರೆ, ಸೇರಿದ ದಿನ, ಗಂಟೆ ಇಷ್ಟನ್ನು ಭಾನುವಾರ ಬೆಳಿಗ್ಗೆಯೇ ಪಾಲಿಕ್ಲಿನಿಕ್‌ಗೆ ಇಮೇಲ್ ಮಾಡಿಸಿ, ಅದರ ಪ್ರಿಂಟ್ ತೆಗೆದಿಟ್ಟೆವು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ.

ಆ ಆಸ್ಪತ್ರೆಯ ಬಿಲ್ಲು ಒಂದೇ ಸಾಲಿನದಾಗಿತ್ತು: "ಚಿಕಿತ್ಸೆಯ ವೆಚ್ಚ". ಅದು ನಡೆಯುವುದಿಲ್ಲ. ಇಂಜೆಕ್ಷನ್, ಇಸಿಜಿ, ಹಾಸಿಗೆ, ಪ್ರತಿಯೊಂದಕ್ಕೂ ಬೇರೆ ಬೇರೆ ದರ ಬರೆಸಬೇಕು. ಜೊತೆಗೆ ಇದು ತುರ್ತು ಪರಿಸ್ಥಿತಿಯಾಗಿತ್ತು ಎಂಬ ವೈದ್ಯರ ಪ್ರಮಾಣಪತ್ರ, ಸಹಿ, ಸೀಲು. ಇಷ್ಟಾದರೂ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನ ದರದಷ್ಟೇ ಮರಳುತ್ತದೆ, ಮೇಲಿನದು ಕೈಯಿಂದ ಹೋದ ಹಣ. ಹಳ್ಳಿಯವರಿಗೆ ಇದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹತ್ತಿರದಲ್ಲಿ ಪಟ್ಟಿಯ ಆಸ್ಪತ್ರೆ ಇಲ್ಲದಿರುವುದು ಅವರ ತಪ್ಪಲ್ಲವಲ್ಲ.

ಮೈಸೂರಿನಲ್ಲಿ ಒಂದು ಸ್ಟೆಂಟ್, ಅಂದರೆ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಹಾಕಿದರು. ಸ್ಟೆಂಟಿನ ಪೊಟ್ಟಣದ ಮೇಲೆ ಬೆರಳಗಲದ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬ್ಯಾಚ್ ನಂಬರ್ ಮತ್ತು ಅಳತೆ. ಯಾರಾದರೂ ಕೈಯಿಂದ ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದರೆ ಕ್ಲೇಮಿಗಾಗಿ ಆ ಸ್ಟಿಕ್ಕರನ್ನೂ ಖಾಲಿ ಪೊಟ್ಟಣವನ್ನೂ ಕೇಳಿ ಪಡೆಯಬೇಕು, ಇಲ್ಲದಿದ್ದರೆ ಕಸದ ಬುಟ್ಟಿಗೆ ಹೋಗುತ್ತದೆ.

ಡಿಸ್ಚಾರ್ಜ್ ಆದ ಮೇಲೆ ನಿಜವಾದ ಎಚ್ಚರ ಬೇಕಾದದ್ದು ಮಾತ್ರೆಗೆ. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ಕಾಲ, ಸಾಮಾನ್ಯವಾಗಿ ಒಂದು ವರ್ಷ, ಬಿಡದೆ ನುಂಗಬೇಕು. ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಪಾಲಿಕ್ಲಿನಿಕ್‌ನಲ್ಲಿ ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಹೆದರಬೇಕಿಲ್ಲ, ಔಷಧದ ಹೆಸರು ಮತ್ತು ಮಿಲಿಗ್ರಾಂ ಡಿಸ್ಚಾರ್ಜ್ ಚೀಟಿಗೆ ತಾಳೆಯಾದರೆ ಸಾಕು. ದಾಸ್ತಾನು ಇಲ್ಲ ಎಂದರೆ ಚೀಟಿಯ ಮೇಲೆ 'ಲಭ್ಯವಿಲ್ಲ' ಎಂದು ಸೀಲು ಹಾಕಿಸಿಕೊಂಡು, ಅದೇ ದಿನ ಅಂಗಡಿಯಲ್ಲಿ ಕೊಂಡು ಬಿಲ್ಲು ಇಟ್ಟುಕೊಳ್ಳಬೇಕು. ಮುಂದಿನ ವಾರ ಬನ್ನಿ ಎಂದರೆಂದು ಬರಿಗೈಯಲ್ಲಿ ಬಸ್ಸು ಹತ್ತಬಾರದು.