ತಳ ಸೀಳಿದ ಪೆಟ್ಟಿಗೆ

ಸೋಮವಾರ ರಾತ್ರಿ ಚಾವಡಿಯಲ್ಲಿ ‘ಟಪ್’ ಅಂತ ಸದ್ದಾಯಿತು. ಅಂಗಳಕ್ಕೆ ತೆಂಗಿನಕಾಯಿ ಬಿದ್ದಿರಬೇಕೆಂದು ಯಾರೂ ಏಳಲಿಲ್ಲ. ಬೆಳಿಗ್ಗೆ ದೊಡ್ಡಮ್ಮ ಸೀರೆ ತೆಗೆಯಲು ಪೆಟ್ಟಿಗೆ ತೆರೆದರೆ ತಳದಲ್ಲಿ ಈ ತುದಿಯಿಂದ ಆ ತುದಿಗೆ ಬೆಳಕಿನ ಗೆರೆ.

ಕಳೆದ ಆಟಿಯಲ್ಲಿ, ಅಂದರೆ ಜಡಿಮಳೆಯ ತುಳು ತಿಂಗಳಲ್ಲಿ, ಮಾಡಿಸಿದ ಹಲಸಿನ ಮರದ ಪೆಟ್ಟಿಗೆ. ಮೊಮ್ಮಗಳಿಗೆ ಕೊಟ್ಟು ಅವಳ ಮಕ್ಕಳ ಕಾಲಕ್ಕೂ ಇರಬೇಕೆಂಬ ಆಸೆಯಿಂದ ಹಿತ್ತಲಿನ ಮರವನ್ನೇ ಕೊಯ್ಯಿಸಿ, ಹಲಗೆಗಳ ನಡುವೆ ರೀಪು (ಸಪೂರ ಮರದ ಪಟ್ಟಿ) ಇಟ್ಟು ಎರಡು ವರ್ಷ ನೆರಳಲ್ಲಿ ಒಣಗಿಸಿದ್ದು. ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕಕ್ಕಿಂತ ಹೆಚ್ಚೇ ಆಯಿತು. ಗೋಡೆ, ಮುಚ್ಚಳ ಮುಗಿಸಿದ ಮೇಲೆ ಬದಿಯಡ್ಕ ಕಡೆಯ ನಮ್ಮ ಬಡಗಿ ಆಚಾರ್ರು ಜ್ವರ ಹಿಡಿದು ಮಲಗಿದರು. ತಳ ಹೊಡೆದದ್ದು ಭಾವ.

ಭಾವ ಒಳ್ಳೆಯವರೇ. ಆದರೆ ನಲ್ಲಿಯನ್ನೂ ಒಂದು ಸುತ್ತು ಜಾಸ್ತಿ ತಿರುಗಿಸುವ ಕೈ. ಮೂರು ಹಲಗೆಗಳನ್ನು ಅಂಟು ಬಳಿದು ಒಂದೇ ಮಾಡಿದರು. ಅದನ್ನು ನಾಲ್ಕೂ ಗೋಡೆಗೆ ಅಂಟಿಸಿದರು. ಅದೂ ಸಾಲದೆಂದು ಎರಡೆರಡು ಇಂಚಿಗೆ ಒಂದರಂತೆ ಕಬ್ಬಿಣದ ಮೊಳೆ. “ಆನೆ ನಿಂತರೂ ಅಲುಗ್ಲಿಕ್ಕಿಲ್ಲ” ಅಂದಿದ್ದರು.

ಮಂಗಳವಾರ ಆಚಾರ್ರು ಬಂದಾಗ ಭಾವ ಬಾಗಿಲಲ್ಲೇ ಅವರನ್ನು ನಿಲ್ಲಿಸಿ, “ಮರ ಹಸಿ ಇತ್ತೋ ಏನೋ ಆಚಾರ್ರೇ” ಅಂದರು. ಆಚಾರ್ರು ಪೆಟ್ಟಿಗೆ ಮಗುಚಿ ಹಾಕಿ, ಬಿರುಕಿಗೆ ಹೆಬ್ಬೆರಳಿನ ಉಗುರು ತೂರಿಸಿ ನೋಡಿ, ತಲೆಯೆತ್ತದೆ ಹೇಳಿದರು: “ಮರ ಸರಿ ಉಂಟು. ಕಟ್ಟಿ ಹಾಕಿದ್ದು ಯಾರು?”

ಭಾವ ಕಾಫಿ ತರುತ್ತೇನೆಂದು ಒಳಗೆ ಹೋದರು. ಆ ಮನೆಯಲ್ಲಿ ಅವರು ಕಾಫಿ ತಂದದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಬಿರುಕು ಬಿದ್ದ ಜಾಗವನ್ನೇ ನೋಡಬೇಕು. ಅಂಟಿನ ಗೆರೆ ಹಾಗೇ ಗಟ್ಟಿಯಾಗಿತ್ತು. ಸೀಳಿದ್ದು ಅದರಿಂದ ಒಂದಿಂಚು ಈಚೆಗೆ, ಒಳ್ಳೆಯ ತಿರುಳಿನಲ್ಲೇ. ಈಗಿನ ಬಿಳಿ ಅಂಟು ಮರಕ್ಕಿಂತ ಬಲ. ಎಳೆತ ಬಂದಾಗ ಸೋಲುವುದು ಮರ.

ಎಳೆತ ಎಲ್ಲಿಂದ ಬಂತು? ಹಲಗೆ ಉದ್ದಕ್ಕೆ ಹೆಚ್ಚು ಕಡಿಮೆ ಆಗುವುದೇ ಇಲ್ಲ ಅನ್ನಬಹುದು. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗುತ್ತದೆ, ಚಳಿಯ ಒಣಗಾಳಿಗೆ ಕುಗ್ಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಆಟಿಗೂ ಮಕರಕ್ಕೂ ನಡುವೆ ಒಂದಡಿ ಅಗಲದ ಹಲಗೆ ಎರಡು-ಮೂರು ಮಿಲಿಮೀಟರ್ ಆಚೀಚೆ ಆಗುತ್ತದೆ. ಎಷ್ಟು ಒಣಗಿಸಿದ ಮರಕ್ಕೂ ಇದು ತಪ್ಪಿದ್ದಲ್ಲ. ಪೆಟ್ಟಿಗೆಯ ನಾಲ್ಕೂ ಗೋಡೆಗಳಲ್ಲಿ ಎಳೆ ಅಡ್ಡಕ್ಕೆ ಓಡುವುದರಿಂದ ಅವು ಎತ್ತರದಲ್ಲಿ ಒಟ್ಟಿಗೇ ಹಿಗ್ಗಿ ಒಟ್ಟಿಗೇ ಕುಗ್ಗುತ್ತವೆ, ಜಗಳವಿಲ್ಲ. ಅದಕ್ಕೇ ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕಚ್ಚುವ ಡವ್‌ಟೇಲ್ ಕೀಲಿಗೆ ಅಂಟು ಹಾಕಬಹುದು. ತಳದ್ದು ಬೇರೆ ಕತೆ. ಪೆಟ್ಟಿಗೆಯ ಅಗಲ 45 ಸೆಂಟಿಮೀಟರ್. ಚಿಕ್ಕ ಗೋಡೆಗೆ ಅದು ಉದ್ದ, ಹಾಗಾಗಿ ಗೋಡೆ ಕುಗ್ಗುವುದಿಲ್ಲ. ತಳದ ಹಲಗೆಗೆ ಅದೇ 45 ಅಗಲ, ನಾಲ್ಕು ಮಿಲಿಮೀಟರ್ ಕುಗ್ಗಿಯೇ ಕುಗ್ಗುತ್ತದೆ. ಎರಡನ್ನೂ ಅಂಟು, ಮೊಳೆಯಲ್ಲಿ ಒಂದು ಮಾಡಿದರೆ ಸೋಮವಾರ ರಾತ್ರಿಯ ಸದ್ದು.

ಕಟ್ಟಿ ಹಾಕಿದ್ದು ಯಾರು?

ಅಳತೆಯ ಮಾತು ಬಂದದ್ದರಿಂದ ಹೇಳುತ್ತೇನೆ, ಆಚಾರ್ರ ಲೆಕ್ಕ ಇನ್ನೂ ಕೋಲು-ಅಂಗುಲದ್ದು. 24 ಅಂಗುಲಕ್ಕೆ ಒಂದು ಕೋಲು, ಅಂದರೆ 72 ಸೆಂಟಿಮೀಟರ್. ಈ ಪೆಟ್ಟಿಗೆ ಉದ್ದಕ್ಕೆ ಒಂದು ಕೋಲು ಆರು ಅಂಗುಲ, ಅಗಲ-ಎತ್ತರ ಹದಿನೈದು ಅಂಗುಲ. ಮುಕ್ಕಾಲು ಇಂಚಿಗೆ ಕೀಸಲು ಒಂದಿಂಚಿನ ಹಲಗೆ ಬೇಕು. ಲೆಕ್ಕಕ್ಕೆ ಎರಡು ಘನ ಅಡಿ ಸಾಕೆಂದು ಕಂಡರೂ ಮೂರು ಇಟ್ಟುಕೊಳ್ಳಬೇಕು, ಯಾಕೆಂದರೆ ತಿರುಳಿನ ಹೊರಗಿನ ಬಿಳಿ ಭಾಗವನ್ನು ಪೂರ್ತಿ ತೆಗೆಯಬೇಕು. ಒಂದು ಬೆರಳಿನಷ್ಟು ಉಳಿದರೂ ಮರ ಕೊರೆಯುವ ಕುಟ್ಟೆ ಹುಳ ಹಿಡಿಯುವುದು ಅಲ್ಲಿಂದಲೇ. ಮಿಲ್ಲಿನಲ್ಲಿ ಮಲಯಾಳದ ಪ್ಲಾವು ಅನ್ನಿ, ಮನೆಯಲ್ಲಿ ಹಲಸು ಅನ್ನಿ, ಹುಳಕ್ಕೆ ಎಲ್ಲ ಭಾಷೆಯೂ ಬರುತ್ತದೆ.

ರಿಪೇರಿಗೆ ಎರಡು ದಿನ ಹಿಡಿಯಿತು, ಅದರಲ್ಲಿ ಒಂದೂವರೆ ದಿನ ಬಿಚ್ಚುವುದಕ್ಕೇ. ಸಮುದ್ರದ ಗಾಳಿಗೆ ಮೊಳೆಗಳು ಆರೇ ತಿಂಗಳಲ್ಲಿ ತುಕ್ಕು ಹಿಡಿದು ಮರಕ್ಕೆ ಕಚ್ಚಿಕೊಂಡಿದ್ದವು. ಕೆಲವು ತಲೆ ಮುರಿದು ಒಳಗೇ ಉಳಿದವು. ಅಂಟಿದ ಅಂಚನ್ನು ಉಳಿಯಿಂದ ಚೂರುಚೂರಾಗಿ ಎಬ್ಬಿಸಬೇಕಾಯಿತು, ಗೋಡೆಯ ಕೆಳಗಂಚು ಎರಡು ಕಡೆ ಕಿತ್ತು ಬಂತು. ಮೊದಲೇ ಮಾಡುವುದಾದರೆ ಗೋಡೆ ಕೂಡಿಸುವ ಮುಂಚೆ ಒಳಮೈಯಲ್ಲಿ ಕೊರೆತ ತೆಗೆದು ತಳವನ್ನು ಅದರೊಳಗೆ ಬಿಡಬೇಕು. ಈಗ ಅದು ಸಾಧ್ಯವಿಲ್ಲದ್ದರಿಂದ ಒಳಗೆ ಸುತ್ತ ಅರ್ಧ ಇಂಚಿನ ರೀಪು ಕೂರಿಸಿ, ಅದರ ಮೇಲೆ ನಾಲ್ಕು ಸಪೂರ ಹಲಗೆಗಳನ್ನು ಇಟ್ಟರು. ಒಂದರ ಅಂಚಿನ ನಾಲಿಗೆ ಇನ್ನೊಂದರ ಕೊರೆತದೊಳಗೆ, ಅಂಟಿಲ್ಲ. ಪ್ರತಿ ಹಲಗೆಗೆ ತುದಿಗೊಂದು ಸ್ಕ್ರೂ, ಸರಿಯಾಗಿ ಅಗಲದ ನಡುವೆ. ನಡು ಹಿಡಿದುಕೊಂಡರೆ ಎರಡು ಬದಿಗೂ ಹಿಗ್ಗಲು ಬಿಡುವು. ಈಗ ಒಣಗಾಲವಾದ್ದರಿಂದ ಹಲಗೆಗಳ ನಡುವೆ ಒಂದು ರೂಪಾಯಿ ನಾಣ್ಯದ ದಪ್ಪ ಸಂದು. ಆಟಿಯಲ್ಲಿ ಮಾಡುವುದಾದರೆ ಸಂದು ಬೇಡ, ಒತ್ತಿ ಕೂರಿಸಬೇಕು.

ಸ್ಕ್ರೂ ಹಿತ್ತಾಳೆಯದು. ಅದು ಮೆದು, ನೇರ ತಿರುಗಿಸಿದರೆ ಕತ್ತು ಮುರಿಯುತ್ತದೆ. ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು, ಹಿತ್ತಾಳೆಯದಕ್ಕೆ ಸಾಬೂನು ತಿಕ್ಕಿ ಹಾಕಬೇಕು. ತಳದ ಹೊರಮೈಗೆ ಒರಳೆ (ಗೆದ್ದಲು) ಬಾರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರು. ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಗ್ಲೌಸ್ ಬೇಕೇ ಬೇಕು. ಒಳಗೆ ಯಾವ ಎಣ್ಣೆಯೂ ಬೇಡ. ಅಗಸೆ ಎಣ್ಣೆ ಬಳಿದ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ವರ್ಷಗಟ್ಟಲೆ ಕಮಟು ನಾರುತ್ತದೆ.

ಈ ಎರಡು ದಿನ ನನ್ನ ಕಣ್ಣೆಲ್ಲ ಅಟ್ಟದ ಪತ್ತಾಯದ ಮೇಲೆ, ಭತ್ತ ತುಂಬಿಡುವ ಹಳೆಯ ಮರದ ಕಣಜದ ಮೇಲೆ. ಈಗ ಅದರಲ್ಲಿ ಭತ್ತವಿಲ್ಲ, ಹಳೆಯ ಕ್ಯಾಲೆಂಡರು, ಒಡೆದ ಜಾಡಿ. ಆದರೆ ಅದರ ಹಲಗೆಗಳೆಲ್ಲ ಕಂಬದ ಕೊರೆತದಲ್ಲಿ ಸುಮ್ಮನೆ ಇಳಿಬಿಟ್ಟವು. ಒಂದು ಹಾಳಾದರೆ ಮೇಲಕ್ಕೆಳೆದು ಇನ್ನೊಂದು ಇಳಿಸಬಹುದು, ಇಳಿಸಿಯೂ ಇದ್ದಾರೆ. ಮೂರನೆಯದ್ದು ಬೇರೆ ಮರದ್ದು, ಬಣ್ಣದಲ್ಲೇ ಗೊತ್ತಾಗುತ್ತದೆ. ಅದನ್ನು ಮಾಡಿದವನಿಗೆ ಮುಂದೆ ಯಾರೋ ಇದನ್ನು ಬಿಚ್ಚಬೇಕಾದೀತು ಎಂಬ ಎಣಿಕೆ ಇತ್ತು. ನಾವು ಮೊಮ್ಮಕ್ಕಳಿಗೆಂದು ಮಾಡುವಾಗ ಅವರ ಕೈಗೆ ಕೆಲಸವೇ ಇರಬಾರದು ಎಂಬಂತೆ ಅಂಟು ಸುರಿಯುತ್ತೇವೆ. ಮನೆಯ ಪಾಲುಪಟ್ಟಿ ಬರೆಯುವಾಗಲೂ ಹೀಗೇ. ಮುಂದಿನವರು ಒಂದಕ್ಷರ ಅಲುಗಿಸಬಾರದೆಂದು ಬಿಗಿದದ್ದೇ ಕೋರ್ಟಿಗೆ ಹೋಗುತ್ತದೆ. ದೊಡ್ಡಮ್ಮನ ಹತ್ತಿರ ಇದನ್ನು ಹೇಳಲಿಲ್ಲ, ಅವರ ಪಾಲುಪಟ್ಟಿ ಬರೆದದ್ದೂ ಭಾವನೇ.

ಗುರುವಾರ ಸಂಜೆ ಪೆಟ್ಟಿಗೆ ಚಾವಡಿಗೆ ಬಂತು. ದೊಡ್ಡಮ್ಮ ಒಳಗೆ ಕೈ ಹಾಕಿ ತಳ ತಟ್ಟಿದರು. ಲೊಟಲೊಟ ಅಂದಿತು.

“ಇದೆಂತ ಆಚಾರ್ರೇ, ಅಲುಗ್ತದಲ್ಲಾ?”

ಆಚಾರ್ರು ಉಳಿಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದರು. “ಮಳೆ ಬರ್ಲಿ ಅಮ್ಮಾ” ಅಂದರು.